ಬೀಟೆ ಬೆನ್ನಿನ ಗಿಟಾರು

"ಮನೇಲಿರೋ ಗಿಟಾರನ್ನೇ ಮುಟ್ಟಲ್ಲ, ಇನ್ನೊಂದು ಯಾಕೆ?"

ಬೆಂಗಳೂರಿನಿಂದ ಫೋನಿನಲ್ಲಿ ಹೆಂಡತಿ ಕೇಳಿದ ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೂ ಅವತ್ತು ರಾತ್ರಿ ಹನ್ನೊಂದಕ್ಕೆ ಎಕ್ಸೆಲ್ ಶೀಟ್ ತೆರೆದು ಕೂತಿದ್ದೆ. ಮೊದಲ ಸಾಲಿನಲ್ಲಿ ಎರಡು ಹೆಸರು: ಮಾರ್ಟಿನ್ ಡಿ-28, ಗಿಬ್ಸನ್ ಜೆ-45. ನಾವು ಸಾಫ್ಟ್‌ವೇರಿನವರು ಹಾಗೇ ಅಲ್ವಾ? ಫ್ಲ್ಯಾಟ್ ಇರಲಿ, ಕಾರಿರಲಿ, ಮಗುವಿನ ಸ್ಕೂಲಿರಲಿ, ಮೊದಲು ಒಂದು ಶೀಟ್ ಆಗಬೇಕು.

ಅದು 2018ರ ಅಕ್ಟೋಬರ್. ನ್ಯೂಜೆರ್ಸಿಯಲ್ಲಿ ನನ್ನ ಆನ್‌ಸೈಟ್ ಮುಗಿಯಲು ಆರು ವಾರ ಉಳಿದಿತ್ತು. ವಾಪಸ್ ಹೋಗುವ ಮುಂಚೆ ಒಂದು ಒಳ್ಳೆ ಗಿಟಾರ್ ತಗೋಬೇಕು ಅನ್ನೋದು ಇಂಜಿನಿಯರಿಂಗ್ ದಿನಗಳಿಂದ ಇದ್ದ ಆಸೆ. ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬನಿಂದ ಒಂಬೈನೂರು ರೂಪಾಯಿಗೆ ಸೆಕೆಂಡ್ ಹ್ಯಾಂಡ್ ಗಿವ್‌ಸನ್ ಕೊಂಡಿದ್ದೆ. ಗಿವ್‌ಸನ್ ಅನ್ನೋದು ನಮ್ಮ ದೇಶದ್ದೇ ಕಂಪನಿ. ಎಷ್ಟೋ ದಿನ ಆದಮೇಲೆ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಗಿಬ್ಸನ್ ಅಂತ ನೋಡಿದಾಗ, ಪಾಪ, ಪ್ರಿಂಟ್ ಮಿಸ್ಟೇಕ್ ಅಂದುಕೊಂಡಿದ್ದೆ! ಆ ಗಿಟಾರ್ ಹಿಡ್ಕೊಂಡು ಟೆರೇಸ್ ಮೇಲೆ ಭಾವಗೀತೆ ಹಾಡುತ್ತಿದ್ದ ನಾನು ಇಡೀ ಬ್ಲಾಕಿಗೆ ಫೇಮಸ್ಸು. ಆಮೇಲೆ ಕೆಲಸ, ರಾತ್ರಿ ಕಾಲ್‌ಗಳು, ರಿಲೀಸು. ಹಾಡು ಯಾವಾಗ ನಿಂತಿತು ಅಂತ ನನಗೇ ನೆನಪಿಲ್ಲ.

ನನ್ನ ಅಪಾರ್ಟ್‌ಮೆಂಟಿನಿಂದ ಇಪ್ಪತ್ತು ನಿಮಿಷದ ದಾರಿಯಲ್ಲಿ ಹಳೆ ವಾದ್ಯಗಳನ್ನು ಮಾರುವ ಒಂದು ಚಿಕ್ಕ ಅಂಗಡಿ. ಅಲ್ಲಿ ಅಕ್ಕಪಕ್ಕದ ಕೊಕ್ಕೆಗಳಲ್ಲಿ ಇವೆರಡೂ ನೇತಾಡುತ್ತಿದ್ದವು. ಎರಡೂ ಯಾರೋ ಬಳಸಿ ಬಿಟ್ಟವು, ಎರಡೂ ಸುಮಾರು ಎರಡು ಸಾವಿರ ಡಾಲರ್. ಆಗಿನ ಲೆಕ್ಕದಲ್ಲಿ ಒಂದೂವರೆ ಲಕ್ಷ ರೂಪಾಯಿ ಹತ್ತಿರ ಹತ್ತಿರ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಡಿ-28 ಅಂದರೆ ಅಕೂಸ್ಟಿಕ್ ಗಿಟಾರುಗಳ ಹಿರಿಯಣ್ಣ. 1930ರ ದಶಕದ ಆರಂಭದಿಂದ ತಯಾರಾಗುತ್ತಿದೆ. ಡಿ ಅಂದ್ರೆ ಡ್ರೆಡ್‌ನಾಟ್; 1906ರ ಬ್ರಿಟಿಷ್ ಯುದ್ಧನೌಕೆಯ ಹೆಸರು. ಆ ಕಾಲಕ್ಕೆ ದೈತ್ಯ ಅನ್ನಿಸಿದ ಹಡಗಿನ ಹೆಸರನ್ನೇ ಈ ದೊಡ್ಡ ಮೈಯ ಗಿಟಾರಿಗೆ ಇಟ್ಟರು. 1968ರಲ್ಲಿ ಬೀಟಲ್ಸ್‌ನವರು ಋಷಿಕೇಶಕ್ಕೆ ಬಂದಾಗ ಜೊತೆಗೆ ತಂದದ್ದು ಡಿ-28. ಒಂದು ಸಲ ಮೀಟಿದರೆ ಕೆಳಗಿನ ತಂತಿಗಳು ಗುಡುಗಿದ ಹಾಗೆ, ಮೇಲಿನವು ಗಂಟೆ ಹೊಡೆದ ಹಾಗೆ. ಕೈ ತೆಗೆದ ಮೇಲೂ ನಾದ ನಿಂತೇ ಇರುತ್ತದೆ.

ಜೆ-45 ಬಂದದ್ದು 1942ರಲ್ಲಿ, ಎರಡನೇ ಮಹಾಯುದ್ಧದ ನಡುವೆ. ಆಗಿನ ಬೆಲೆ 45 ಡಾಲರ್, ಅದೇ ಹೆಸರಾಯಿತು. ಗಂಡಸರೆಲ್ಲ ಯುದ್ಧಕ್ಕೆ ಹೋಗಿದ್ದರಿಂದ ಆ ವರ್ಷಗಳ ಗಿಬ್ಸನ್‌ಗಳನ್ನು ಹೆಚ್ಚಾಗಿ ಮಾಡಿದ್ದು ಮಿಷಿಗನ್‌ನ ಕಲಮಜೂ ಊರಿನ ಹೆಣ್ಣುಮಕ್ಕಳು. ಹೆಗಲು ಇಳಿಜಾರು, ಬಣ್ಣ ನಡುವೆ ಹೊಂಬಣ್ಣ, ಅಂಚಿಗೆ ಹೋಗುತ್ತಾ ಕಪ್ಪು. 'ವರ್ಕ್‌ಹಾರ್ಸ್' ಅಂತ ಕರೀತಾರೆ. ನಮ್ಮ ಕಡೆ ಭಾಷೆಯಲ್ಲಿ ಹೂಡೋ ಎತ್ತು ಅನ್ನಬಹುದು. ಶಬ್ದ ಒಣ ಒಣ, ಬೆಚ್ಚಗೆ. ಹುಟ್ಟುತ್ತದೆ, ಹೇಳಬೇಕಾದ್ದು ಹೇಳುತ್ತದೆ, ಸುಮ್ಮನಾಗುತ್ತದೆ.

ಇಷ್ಟು ವ್ಯತ್ಯಾಸಕ್ಕೆ ದೊಡ್ಡ ಕಾರಣ ಮರ. ಮುಂಭಾಗ ಎರಡಕ್ಕೂ ಸಿಟ್ಕಾ ಸ್ಪ್ರೂಸ್. ಆದರೆ ಬೆನ್ನು ಮತ್ತು ಪಕ್ಕೆ ಡಿ-28ಕ್ಕೆ ರೋಸ್‌ವುಡ್, ಜೆ-45ಕ್ಕೆ ಮಹಾಗನಿ. ರೋಸ್‌ವುಡ್ ಭಾರ, ಗಟ್ಟಿ. ನಾದವನ್ನು ನುಂಗದೆ ವಾಪಸ್ ಕಳಿಸುತ್ತದೆ. ಮಹಾಗನಿ ಹಗುರ, ಶಬ್ದವನ್ನು ಬೇಗ ಇಳಿಸುತ್ತದೆ. ಇನ್ನೊಂದು, ಗಿಬ್ಸನ್ನಿನ ತಂತಿಯ ಅಳತೆ ಅರ್ಧ ಇಂಚಿಗಿಂತ ತುಸು ಹೆಚ್ಚೇ ಗಿಡ್ಡ. ಹಾಗಾಗಿ ಅದೇ ಶ್ರುತಿಗೆ ಬಿಗಿತ ಕಮ್ಮಿ, ಬೆರಳಿಗೆ ನೋವು ಕಮ್ಮಿ.

ಸರಿ, ಶೀಟಿಗೆ ಬರೋಣ. ನಾದ, ಬೆರಳಿಗೆ ಸುಖ, ಬೆಲೆ, ಮರುಮಾರಾಟ, ಬಾಳಿಕೆ ಅಂತ ಕಾಲಂ ಹಾಕಿ ಒಂದೊಂದಕ್ಕೂ ವೇಟೇಜ್ ಕೊಟ್ಟೆ. ಆ ವರ್ಷ ಮೇ ತಿಂಗಳಲ್ಲಿ ಗಿಬ್ಸನ್ ಕಂಪನಿ ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋಗಿತ್ತು, ಅಲ್ಲಿ ಅದಕ್ಕೆ ಮೈನಸ್. 2017ರ ಜನವರಿಯಿಂದ ರೋಸ್‌ವುಡ್ ವ್ಯಾಪಾರಕ್ಕೆ ಅಂತಾರಾಷ್ಟ್ರೀಯ ನಿರ್ಬಂಧ ಬಿದ್ದಿತ್ತು. ಸ್ವಂತಕ್ಕೆ ಕೈಯಲ್ಲಿ ಒಯ್ಯಲು ಅಡ್ಡಿಯಿಲ್ಲ, ಮುಂದೆ ಗಡಿಯಾಚೆಗೆ ಮಾರಬೇಕಂದ್ರೆ ಕಾಗದಪತ್ರದ ರಗಳೆ. ಅಲ್ಲಿ ಮಾರ್ಟಿನ್‌ಗೆ ಮೈನಸ್. (ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ಕೊನೆಗೆ.) ಕೂಡಿ ನೋಡಿದರೆ ಡಿ-28 ಮೂರು ಅಂಕ ಮುಂದೆ. ಆದರೆ ಅಂಗಡಿಗೆ ಹೋದಾಗಲೆಲ್ಲ ಕೈ ಮೊದಲು ಹೋಗುತ್ತಿದ್ದದ್ದು ಜೆ-45 ಕಡೆಗೆ.

ಆಫೀಸಿನ ಗೆಳೆಯನಿಗೆ ಹೇಳಿದೆ. "ತಲೆ ಮಾತು ಆಫೀಸಲ್ಲಿ ಕೇಳು ಮಗಾ, ಗಿಟಾರ್ ವಿಷಯದಲ್ಲಿ ಹೃದಯ ಹೇಳಿದ್ದು ಕೇಳು" ಅಂದ. ಎಷ್ಟು ಸುಲಭ! ಜೆ-45 ತಗೊಳ್ಳೋದು ಅಂತ ತೀರ್ಮಾನಿಸಿ, ಯಾತ್ರೆ ಥರ ಇರಲಿ ಅಂತ ಒಂದು ಶುಕ್ರವಾರ ರಜೆ ಹಾಕಿ ಪೆನ್ಸಿಲ್ವೇನಿಯಾದ ನಜರೆತ್‌ಗೆ ಹೋದೆ. ಮಾರ್ಟಿನ್ ಕಾರ್ಖಾನೆ ಇರುವುದು ಅಲ್ಲಿ. ನ್ಯೂಯಾರ್ಕಿನಲ್ಲಿ 1833ರಲ್ಲಿ ಶುರುವಾದ ಕಂಪನಿ 1839ರಲ್ಲಿ ಆ ಊರಿಗೆ ಬಂದದ್ದು, ಇವತ್ತಿಗೂ ಅಲ್ಲೇ ಇದೆ. ಒಳಗೆ ಹೋದರೆ ಮರದ ವಾಸನೆ. ಬಗ್ಗಿಸಿದ ಪಕ್ಕೆಗಳ ಒಳ ಅಂಚಿಗೆ ಪಟ್ಟಿ ಅಂಟಿಸಿ, ಅದು ಒಣಗುವ ತನಕ ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳನ್ನು ಸಾಲಾಗಿ ಕಚ್ಚಿಸಿರುತ್ತಾರೆ. ಇಷ್ಟು ದುಬಾರಿ ಗಿಟಾರಿಗೆ ನಮ್ಮಮ್ಮನ ಹಗ್ಗದ ಮೇಲಿನ ಕ್ಲಿಪ್ಪು! ಖುಷಿಯಾಯಿತು.

ಆಮೇಲೆ ಕಣ್ಣಿಗೆ ಬಿದ್ದದ್ದು ಡಿ-28ಕ್ಕೆ ಬೆನ್ನಾಗುವ ತೆಳು ಹಲಗೆಗಳು. ಚಾಕೊಲೇಟ್ ಬಣ್ಣ, ಸ್ವಲ್ಪ ನೇರಳೆ ಛಾಯೆ, ಉದ್ದಕ್ಕೂ ಕಪ್ಪು ಗೆರೆ. ಮೊದಲು ಬ್ರೆಜಿಲಿನ ರೋಸ್‌ವುಡ್ ಬಳಸುತ್ತಿದ್ದರು, ಅದು ಸಿಗುವುದು ಕಷ್ಟವಾಗಿ 1969ರಿಂದ ಭಾರತದ್ದಕ್ಕೆ ಬದಲಾದರು. ಭಾರತದ ರೋಸ್‌ವುಡ್. ಅಂದ್ರೆ ನಮ್ಮ ಪಶ್ಚಿಮ ಘಟ್ಟದ ಬೀಟೆ. ಇಷ್ಟು ದಿನ ಶೀಟಿನಲ್ಲಿ ರೋಸ್‌ವುಡ್ ರೋಸ್‌ವುಡ್ ಅಂತ ಟೈಪ್ ಮಾಡಿದ್ದ ಪೆದ್ದನಿಗೆ ಅದು ಬೀಟೆ ಅಂತ ಹೊಳೆದೇ ಇರಲಿಲ್ಲ.

ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿಮನೆಯ ನಡುಮನೆಯಲ್ಲಿ ಒಂದು ಬೀಟೆ ಮಂಚ ಇತ್ತು. ಅಜ್ಜ ಮಾಡಿಸಿದ್ದು. ನಾಲ್ಕು ಜನ ಸೇರಿದರೂ ಎತ್ತಲು ಏದುಸಿರು. ನನಗೆ ಸಿಇಟಿಯಲ್ಲಿ ಬಿಇ ಸೀಟು ಸಿಕ್ಕಿದ್ದು 2002ರಲ್ಲಿ. ಅಡಿಕೆ ರೇಟು ಬಿದ್ದು ಮನೆಯವರೆಲ್ಲ ಮಂಕಾಗಿದ್ದ ಸಮಯ. ಫೀಸು, ಹಾಸ್ಟೆಲ್ಲು ಎರಡಕ್ಕೂ ಹೊಂದಿಸಬೇಕು. ಆಗ ಮಲೆನಾಡಿನ ಮನೆಮನೆಗೆ ಹಳೆ ಪೀಠೋಪಕರಣ ಹುಡುಕಿಕೊಂಡು ಬರುವ ವ್ಯಾಪಾರಿಗಳಿದ್ದರು. ಹಾಗೆ ಬಂದ ಒಬ್ಬರಿಗೆ ಅಪ್ಪ ಮಂಚ ಕೊಟ್ಟರು. ವ್ಯಾನಿಗೆ ಹತ್ತಿಸುವಾಗ ನಾನೂ ಒಂದು ಕಾಲು ಹಿಡಿದಿದ್ದೆ. ಆಮೇಲೆ ಅಪ್ಪ ಕಬ್ಬಿಣದ ಮಂಚದ ಮೇಲೆ ಮಲಗಿದರು. ಆ ಬಗ್ಗೆ ಮನೆಯಲ್ಲಿ ಯಾರೂ, ಯಾವತ್ತೂ ಮಾತಾಡಲಿಲ್ಲ.

ಈಗ ಹೇಳಿ, ಹೃದಯ ಯಾವ ಕಡೆ? ನಜರೆತ್‌ನಿಂದ ವಾಪಸ್ ಬರುವಾಗ ಕಾರಿನಲ್ಲಿ ಕಣ್ಣು ಮಂಜಾಗಿತ್ತು. ಹೋದ ಬೀಟೆಯನ್ನು ವಾಪಸ್ ತರುವುದು, ಅದೂ ಸ್ವಂತ ದುಡಿಮೆಯಲ್ಲಿ! ಸಿನಿಮಾ ಥರ ಅನ್ನಿಸಿಬಿಟ್ಟಿತು. ಶೀಟಿನಲ್ಲಿ 'ಸೆಂಟಿಮೆಂಟ್' ಅಂತ ಹೊಸ ಕಾಲಂ ಹಾಕಿ ಡಿ-28ಕ್ಕೆ ಹತ್ತಕ್ಕೆ ಹತ್ತು ಕೊಟ್ಟೆ. ತಲೆ, ಹೃದಯ ಎರಡೂ ಒಂದೇ ಕಡೆ. ಅಂಗಡಿಗೆ ಫೋನ್ ಮಾಡಿ ಶನಿವಾರ ಬರ್ತೀನಿ, ಡಿ-28 ಎತ್ತಿಡಿ ಅಂದೆ.

ರಾತ್ರಿ ಊರಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗ್ಗೆ. ಅಪ್ಪ ಆಗಷ್ಟೇ ತೋಟದಿಂದ ಬಂದಿದ್ದರು.

"ಅಪ್ಪಾ, ನಮ್ಮನೆ ಬೀಟೆ ಮಂಚ ನೆನಪಿದ್ಯಾ?"

"ನಡುಮನೇಲಿ ಇದ್ದಿದ್ದಾ? ಅದ್ಕೆಂತ ಈಗ?"

ಗಿಟಾರಿನ ಕಥೆ ಪೂರ್ತಿ ಹೇಳಿದೆ. ಸ್ವಲ್ಪ ಗಂಟಲು ಕಟ್ಟಿತ್ತು ಅಂತ ಒಪ್ಪಿಕೊಳ್ಳುತ್ತೇನೆ. ಆ ಕಡೆ ಒಂದು ಕ್ಷಣ ಸುಮ್ಮನಾದ ಅಪ್ಪ ಜೋರಾಗಿ ನಕ್ಕರು.

"ಅದ್ರಲ್ಲಿ ಎಂಥಾ ತಿಗಣೆ ಇತ್ತು ಮಾರಾಯ! ಬಿಸಿನೀರು ಹೊಯ್ದು ಹೊಯ್ದು ಸಾಕಾಗಿತ್ತು. ಹೋಗಿದ್ದೇ ಒಳ್ಳೇದಾತು."

ನಾನು ಏನೂ ಹೇಳಲಿಲ್ಲ.

"ಅದಿರ್ಲಿ, ನೀ ಈಗ ಹಾಡ್ತೀಯಾ?"

"ಎಲ್ಲಿ ಅಪ್ಪಾ, ಟೈಮೇ ಸಿಗಲ್ಲ."

"ಹಾಡೂದಿಲ್ಲ ಅಂದ್ರೆ ಯಾವ್ದು ತಗಂಡ್ರೂ ಒಂದೇ. ಹಾಡೂದಾದ್ರೆ, ಯಾವುದ್ರ ಜೊತೆ ಹಾಡಕ್ಕೆ ಆಗ್ತದೋ ಅದು ತಗಾ. ಮಂಚಕ್ಕೋಸ್ಕರ ಯಾರಾದ್ರೂ ಗಿಟಾರ್ ತಗಳ್ತಾರಾ?"

ಫೋನಿಟ್ಟ ಮೇಲೆ ತುಂಬಾ ಹೊತ್ತು ನಿದ್ದೆ ಬರಲಿಲ್ಲ. ಚಿಕ್ಕವನಿದ್ದಾಗ ಆ ಮಂಚದ ಮೇಲೆ ಅಜ್ಜನ ಪಕ್ಕ ಎಷ್ಟೋ ವರ್ಷ ಮಲಗಿದ್ದೇನೆ. ತಿಗಣೆ ಕಚ್ಚಿದ ಒಂದು ನೆನಪೂ ನನಗಿಲ್ಲ.

ಆದರೆ ಒಂದಂತೂ ಅರ್ಥವಾಯಿತು. ನಾನು ಹೃದಯ ಅಂದುಕೊಂಡಿದ್ದು ಋಣ. ಯಾರಿಗೆ ಎಷ್ಟು ಬಾಕಿ, ಯಾವುದನ್ನು ಕೊಂಡರೆ ತೀರುತ್ತದೆ ಅಂತ ಲೆಕ್ಕ ಹಾಕುವುದು ತಲೆಯ ಕೆಲಸವೇ. ನನ್ನದು ಶೀಟಿನಲ್ಲೊಂದು ಕಾಲಂ ಕೂಡ ಆಗಿತ್ತಲ್ಲ! ಎರಡು ಸಾವಿರ ಡಾಲರ್ ಕೊಟ್ಟರೆ ಆ ವ್ಯಾನು ವಾಪಸ್ ಬರುವುದಿಲ್ಲ. ಬರಲಿ ಅಂತ ಅಪ್ಪ ಕಾದೂ ಇರಲಿಲ್ಲ.

ಶನಿವಾರ ಅಂಗಡಿಗೆ ಹೋದೆ. ಮೂಲೆಯ ಸ್ಟೂಲಿನ ಮೇಲೆ ಕೂತು, ನಾಚಿಕೆ ಬಿಟ್ಟು, ಹಾಸ್ಟೆಲ್ ಟೆರೇಸಿನ ಹಾಡೊಂದನ್ನು ಮೊದಲು ಡಿ-28 ಜೊತೆ ಹಾಡಿದೆ. ಗಿಟಾರ್ ಅದ್ಭುತ. ಆದರೆ ಅದರ ಗುಡುಗಿನಲ್ಲಿ ನನ್ನ ದನಿ ಮುಳುಗಿಹೋಗುತ್ತಿತ್ತು. ನಾನು ಅದಕ್ಕೆ ಪಕ್ಕವಾದ್ಯದವನ ಹಾಗೆ. ಆಮೇಲೆ ಜೆ-45. ಎರಡನೇ ಚರಣದಲ್ಲಿ ದನಿ ಒಡೆಯಿತು, ವರ್ಷಗಟ್ಟಲೆ ಹಾಡದ ಗಂಟಲು. ಆದರೆ ಒಡೆದದ್ದು ಕೇಳಿಸಿತು. ಗಿಟಾರು ಪಕ್ಕಕ್ಕೆ ಸರಿದು ಜಾಗ ಬಿಟ್ಟುಕೊಟ್ಟಿತ್ತು. ಕಾರ್ಡ್ ಉಜ್ಜಿದೆ.

ಹಾಗಂತ ಡಿ-28 ಕಮ್ಮಿ ಅಂತ ಅಂದುಕೊಳ್ಳಬೇಡಿ. ಬೆರಳಲ್ಲಿ ತಾಕತ್ತಿರುವವನಿಗೆ, ದೊಡ್ಡ ದನಿಯವನಿಗೆ ಅದಕ್ಕೆ ಸಾಟಿ ಇಲ್ಲ. ನೀವೂ ಇಂಥ ಇಕ್ಕಟ್ಟಿನಲ್ಲಿದ್ದರೆ ನನ್ನದೊಂದೇ ಸಲಹೆ: ಯೂಟ್ಯೂಬಿನಲ್ಲಿ ಬೇರೆಯವರು ನುಡಿಸಿದ್ದು ಕೇಳಿ ನಿರ್ಧರಿಸಬೇಡಿ. ಅಂಗಡಿಗೆ ಹೋಗಿ, ಗಿಟಾರಿನಲ್ಲಿ ನೀವು ಮಾಡುವ ಕೆಲಸವನ್ನೇ ಅರ್ಧ ಗಂಟೆ ಮಾಡಿ ನೋಡಿ.

ಡಿಸೆಂಬರಿನಲ್ಲಿ ಊರಿಗೆ ಹೋದಾಗ ಗಿಟಾರ್ ಒಯ್ದಿದ್ದೆ. ಅಪ್ಪ ಜಗಲಿಯಲ್ಲಿ ಅದನ್ನು ಮಗುಚಿ ಮಲಗಿಸಿ, ಬೆರಳ ಗೆಣ್ಣಿನಿಂದ ಬೆನ್ನಿಗೆ ಎರಡು ಸಲ ಕುಟ್ಟಿದರು. "ಇದು ಬೀಟೆ ಅಲ್ಲ" ಅಂದರು. "ಅಲ್ಲ" ಅಂದೆ. "ಒಂದು ಹೇಳು ನೋಡಾಣ" ಅಂತ ಗೋಡೆಗೆ ಒರಗಿ ಕೂತರು. ಅಮ್ಮ ಒಳಗಿನಿಂದ ಒಗ್ಗರಣೆ ಸೌಟು ಹಿಡಿದೇ ಬಂದು ಬಾಗಿಲಲ್ಲಿ ನಿಂತರು. ಮೂರು ಹಾಡು ಹೇಳಿದೆ.

ಆ ಎಕ್ಸೆಲ್ ಶೀಟ್ ಇನ್ನೂ ಲ್ಯಾಪ್‌ಟಾಪಿನಲ್ಲಿದೆ. ಅದರ ಪ್ರಕಾರ ನಾನು ತಪ್ಪು ಗಿಟಾರ್ ತಗೊಂಡಿದ್ದೇನೆ.