ದೊಡ್ಡವರ ಪುಟ್ಟ ರೈಲು

ಐವತ್ತು ದಾಟಿದವರು ಪುಟ್ಟ ರೈಲುಗಳ ಹವ್ಯಾಸಕ್ಕೆ ಮರಳಿದರೆ, 'ಮತ್ತೆ ಮಗುವಾದರು' ಎಂದು ಮನೆಮಂದಿ ನಗುತ್ತಾರೆ. ಪ್ರೀತಿಯ ಮಾತೇ ಆದರೂ ನಾನದನ್ನು ಒಪ್ಪಲಾರೆ. ಮಗುವಿಗೆ ರೈಲು ಓಡಿದರೆ ಸಾಕು. ಅದು ಎಲ್ಲಿಂದ ಬಂತು, ಯಾರ ಅಪ್ಪಣೆ ಪಡೆದು ಹೊರಟಿತು, ಎದುರು ಗಾಡಿಗೆ ಎಲ್ಲಿ ದಾರಿ ಬಿಟ್ಟಿತು ಎಂದು ಕೇಳುವುದು ಬದುಕಿನಲ್ಲಿ ಪಳಗಿದ ಮನಸ್ಸು. ಬೆಂಗಳೂರಿನ ಹೊಸೂರು ರಸ್ತೆಯ ಕಚೇರಿಗಳಲ್ಲಿ ದುಡಿದು ಬೇಗೂರಿನಲ್ಲಿ ಮನೆ ಮಾಡಿಕೊಂಡವರಲ್ಲಿ ಅನೇಕರು ಈಗ ಆ ವಯಸ್ಸಿಗೆ ಬರುತ್ತಿದ್ದಾರೆ. ಬಾಲ್ಯದಲ್ಲಿ ಆಟಿಕೆಯಾಗಿದ್ದ ಈ ಹವ್ಯಾಸವನ್ನು ಅಧ್ಯಯನವಾಗಿಸಲು ಅವರಿಗೆ ಇದೇ ತಕ್ಕ ಹೊತ್ತು ಎಂಬುದು ನನ್ನ ನಂಬಿಕೆ.

ಹಳಿಯ ಲೆಕ್ಕವನ್ನೇ ನೋಡಿ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್‌ಓ ಮಾದರಿಯಲ್ಲಿ ಎಲ್ಲವೂ ನಿಜದ 87ರಲ್ಲಿ ಒಂದು ಪಾಲು. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಅದು ಯುರೋಪಿನ 1435 ಮಿಲಿಮೀಟರ್ ಹಳಿಗೆ ಸರಿಹೊಂದುವ ಅಳತೆ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. ಅದನ್ನು 87ರಿಂದ ಭಾಗಿಸಿದರೆ 19 ದಾಟುತ್ತದೆ. ಅದೇ 16.5 ಮಿಲಿಮೀಟರ್ ಹಳಿಯ ಮೇಲೆ ನಮ್ಮ ಗಾಡಿ ಸರಿಯಾಗಿ ಕೂರಬೇಕಾದರೆ ಅದನ್ನು ಸುಮಾರು ನೂರರಲ್ಲಿ ಒಂದು ಪಾಲಿಗೆ ಇಳಿಸಬೇಕು. ಮೀಟರ್ ಗೇಜ್ ಬೇಕೆಂದರೆ 9 ಮಿಲಿಮೀಟರ್ ಹಳಿ ತೆಗೆದುಕೊಂಡು 111ರಲ್ಲಿ ಒಂದು ಪಾಲು ಹಿಡಿಯಬಹುದು. ಆಗ ಅಂಗಡಿಯ ಎಂಜಿನ್ನಾಗಲೀ ಬೋಗಿಯಾಗಲೀ ಹೊಂದುವುದಿಲ್ಲ. ಅಳೆದು, ಕತ್ತರಿಸಿ, ಅಂಟಿಸಿ, ಕೈಯಾರೆ ಮಾಡಿಕೊಳ್ಳಬೇಕು. ಕೊಳ್ಳುವ ಹವ್ಯಾಸ ಕಲಿಯುವ ಹವ್ಯಾಸವಾಗುವುದು ಇಲ್ಲಿಯೇ.

ಕಲಿಯುವುದಕ್ಕೆ ನಮ್ಮಲ್ಲಿ ಮೀಟರ್ ಗೇಜಿಗಿಂತ ದೊಡ್ಡ ವಿಷಯವಿಲ್ಲ. 1880ರ ದಶಕದ ಆರಂಭದಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೋದದ್ದು ಆ ಹಳಿಯೇ. ಬೇಗೂರಿಗೆ ಹತ್ತಿರದ ಹೀಲಲಿಗೆಯನ್ನು ಹಾದು ಹೊಸೂರಿಗೆ ಸಾಗುವ ಮಾರ್ಗವೂ ಒಂದು ಕಾಲಕ್ಕೆ ಮೀಟರ್ ಗೇಜ್. 1992ರಲ್ಲಿ ಆರಂಭವಾದ ಏಕರೂಪ ಗೇಜ್ ಯೋಜನೆ ಮೀಟರ್ ಗೇಜನ್ನು ರಾಜ್ಯದಿಂದ ಕ್ರಮೇಣ ಅಳಿಸಿತು. 1979ರಲ್ಲಿ ಸ್ಥಾಪನೆಯಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ಹಳೆಯ ಎಂಜಿನ್‌ಗಳನ್ನು ನೋಡಬಹುದು. ಆದರೆ ನಿಂತ ಎಂಜಿನ್ನನ್ನು ನೋಡಿದರೆ ನಿಲ್ದಾಣ ನಡೆಯುತ್ತಿದ್ದ ಬಗೆ ತಿಳಿಯದು. ಒಂಟಿ ಹಳಿಯಲ್ಲಿ ಮುಂದಿನ ನಿಲ್ದಾಣದ ಮಾಸ್ತರರು ಒಪ್ಪಿದ ಮೇಲಷ್ಟೇ ಟೋಕನ್ ಯಂತ್ರದಿಂದ ಲೋಹದ ಚೆಂಡು ಹೊರಬರುತ್ತಿತ್ತು. ಅದನ್ನು ಚರ್ಮದ ಚೀಲದಲ್ಲಿಟ್ಟು, ದೊಡ್ಡ ಬಳೆಗೆ ಕಟ್ಟಿ ಡ್ರೈವರನ ಕೈಗೆ ದಾಟಿಸುತ್ತಿದ್ದರು. ಒಂದು ಚೆಂಡು ಹೊರಗಿರುವಾಗ ಇನ್ನೊಂದು ಬರುತ್ತಿರಲಿಲ್ಲ. ಹಾಗಾಗಿ ಎರಡು ಗಾಡಿಗಳು ಎದುರುಬದುರಾಗುತ್ತಿರಲಿಲ್ಲ. ಕೈಮರ, ಪಾಯಿಂಟು, ಟೋಕನ್ ಮೂರೂ ಕೂಡಿ ನಡೆಯುವ ಈ ಕ್ರಮವನ್ನು ಮೇಜಿನ ಮೇಲೆ ನಡೆಸಿ ತೋರಿಸಬಹುದು. ಕಿರಿದರಲ್ಲಿ ಹಿರಿದನ್ನು ಉಳಿಸುವುದು ಬೇಗೂರಿಗೆ ಹೊಸದೇನೂ ಅಲ್ಲ. ಆನೆ, ಕುದುರೆ, ಕಾಲಾಳುಗಳಿರುವ ಗಂಗರ ಕಾಲದ ಕಾಳಗವೊಂದನ್ನು ಒಂದೇ ಕಲ್ಲಿನಲ್ಲಿ ಕಡೆದ ಇಲ್ಲಿಯ ವೀರಗಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಫ್ಲ್ಯಾಟಿನಲ್ಲಿ ಜಾಗವೆಲ್ಲಿ ಎನ್ನುವವರಿದ್ದಾರೆ. ಮೇಲೆ ಹೇಳಿದ 111ರಲ್ಲಿ ಒಂದು ಪಾಲಿನ ಅಳತೆಯಲ್ಲಿ ಹತ್ತೊಂಬತ್ತೂವರೆ ಮೀಟರಿನ ಮೀಟರ್ ಗೇಜ್ ಬೋಗಿ 18 ಸೆಂಟಿಮೀಟರಿನೊಳಗೆ ಮುಗಿಯುತ್ತದೆ. ಗೋಡೆಗೊರಗಿದ ಎರಡು ಮೀಟರ್ ಹಲಗೆಯ ಮೇಲೆ ಒಂದು ಸಣ್ಣ ನಿಲ್ದಾಣ ಹಿಡಿಸುತ್ತದೆ. ಕಂಪ್ಯೂಟರಿನಲ್ಲೇ ರೈಲು ಓಡಿಸಬಹುದಲ್ಲ ಎಂಬ ಮಾತೂ ಇದೆ. ಓಡಿಸಬಹುದು, ಆದರೆ ಅಲ್ಲಿಯ ನಿಯಮಗಳನ್ನು ಬೇರೆ ಯಾರೋ ಬರೆದಿಟ್ಟಿರುತ್ತಾರೆ. ಇಲ್ಲಿ ಹಳಿಯ ಮೇಲೆ ತುಸು ಧೂಳು ಕೂತರೂ ವಿದ್ಯುತ್ ಹರಿಯದೆ ಗಾಡಿ ನಿಲ್ಲುತ್ತದೆ, ಕಾರಣವನ್ನು ನಾವೇ ಹುಡುಕಬೇಕು. ದಿನವಿಡೀ ಪರದೆಯ ಮುಂದೆ ಕೂತವರಿಗೆ ಈ ದುಡಿಮೆ ಬೇಕೇ ಬೇಕು.

ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಇದು ಬರೀ ಹಳಹಳಿಕೆ, ಮೀಟರ್ ಗೇಜ್ ಹೋದದ್ದೇ ಒಳ್ಳೆಯದಾಯಿತು ಎಂಬುದು. ಹೋಗಲು ಕಾರಣವಿದ್ದದ್ದು ನಿಜ. ಗೇಜು ಬದಲಾಗುವಲ್ಲಿ ಜನ ಇಳಿದು ಹತ್ತಬೇಕಿತ್ತು, ಮೂಟೆಗಳನ್ನು ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಹಮಾಲರು ಬೆನ್ನ ಮೇಲೆ ಹೊರಬೇಕಿತ್ತು. ಹೊಗೆಯ ಎಂಜಿನ್ನನ್ನು ಮಾತ್ರ ತೋರಿಸಿ ಆ ಬೆನ್ನುಗಳನ್ನು ಬಿಟ್ಟ ಮಾದರಿ ಹಳಹಳಿಕೆಯೇ ಸರಿ. ಅವನ್ನೂ ತೋರಿಸುವ ಮಾದರಿ ಇತಿಹಾಸ. ಆ ವ್ಯತ್ಯಾಸ ತಿಳಿಯಲು ವಯಸ್ಸು ಬೇಕು. ಆದ್ದರಿಂದ ಮರಳಿ ಬರುವವರು ಎಂಜಿನ್ ಕೊಳ್ಳುವ ಮೊದಲು ತಮಗೆ ಗೊತ್ತಿರುವ ಒಂದು ನಿಲ್ದಾಣವನ್ನು ಆರಿಸಿಕೊಳ್ಳಲಿ, ಅಲ್ಲಿ ದುಡಿದ ಹಿರಿಯರನ್ನು ವಿಚಾರಿಸಿ ಅಳತೆ, ಕ್ರಮಗಳನ್ನು ಬರೆದಿಡಲಿ. ಮೀಟರ್ ಗೇಜನ್ನು ಕಣ್ಣಾರೆ ಕಂಡು ಬೆಳೆದ ತಲೆಮಾರು ಅವರದು. ಈ ಕೆಲಸವನ್ನು ಮುಂದಿನವರಿಗೆ ಬಿಡಲಾಗದು.