ಅಜ್ಜಿಯ ಸಿಲೋನು, ನಮ್ಮ ಬಜೆಟ್ಟು

ಧಾರವಾಡದ ಸಪ್ತಾಪುರದಲ್ಲಿ ಮನೆ ಇದ್ದವರಿಗೆ ರಜೆ ಎಂಬುದು ಕ್ಯಾಲೆಂಡರಿನಲ್ಲಿ ಮಾತ್ರ ಇರುತ್ತದೆ. ಇಲ್ಲಿ ವರ್ಷದ ಹನ್ನೆರಡು ತಿಂಗಳೂ ಯಾವುದೋ ಒಂದು ಪರೀಕ್ಷೆಗೆ ಯಾರೋ ಓದುತ್ತಲೇ ಇರುತ್ತಾರೆ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಎಂದು ಬೀದರ್, ರಾಯಚೂರು, ವಿಜಯಪುರದ ಕಡೆಯಿಂದ ಬಂದ ಹುಡುಗ ಹುಡುಗಿಯರು ಕೋಚಿಂಗ್ ಸೇರಿ, ಸಣ್ಣ ಕೋಣೆ ಹಿಡಿದು, ರಾತ್ರಿ ಹನ್ನೆರಡರವರೆಗೆ ದೀಪ ಹಚ್ಚಿಕೊಂಡು ಕೂತಿರುತ್ತಾರೆ. ಅವರಲ್ಲಿ ನಲವತ್ತು ಮಂದಿಗೆ ಎರಡು ಹೊತ್ತು ಊಟ ಹಾಕುವುದು ನನ್ನ ಕೆಲಸ. ರೊಟ್ಟಿ, ಪಲ್ಯ, ಅನ್ನ, ಸಾರು. ಹನ್ನೊಂದು ವರ್ಷದಿಂದ ನಡೆದಿರುವ ಖಾನಾವಳಿ.

ಖಾನಾವಳಿ ನಡೆಸುವವಳಿಗೆ ಒಂದು ವಿದ್ಯೆ ತಾನಾಗಿಯೇ ಬರುತ್ತದೆ. ಯಾವುದನ್ನು ನೋಡಿದರೂ ತಲೆಗೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕುವುದು. ಎರಡು ವರ್ಷ ತಿಂಗಳಿಗೆ ಎಂಟು ಸಾವಿರದಂತೆ ತೆಗೆದಿಟ್ಟಿದ್ದೆ. 1,92,000 ರೂಪಾಯಿ ಆಗಿತ್ತು. ಮೇಲಿನ ಎಂಟು ಸಾವಿರ ನಮ್ಮವರು ಸೇರಿಸಿ ಎರಡು ಲಕ್ಷ ಪೂರ್ತಿ ಮಾಡಿದರು. ಈ ದುಡ್ಡಿನಲ್ಲಿ ಏನು ಮಾಡುವುದು ಎಂಬ ಪ್ರಶ್ನೆ ಬಂದಾಗ, ಮನೆಯ ಮೇಲೆ ಇನ್ನೊಂದು ಕೋಣೆ ಕಟ್ಟಿಸಿದರೆ ಬಾಡಿಗೆ ಬರುತ್ತದೆ ಎಂದರು ಕೆಲವರು. ಆ ಮಾತು ಸುಳ್ಳಲ್ಲ. ಆದರೆ ಮಗಳು ಎಸ್ಸೆಸ್ಸೆಲ್ಸಿ. ಮುಂದೆ ಎರಡು ವರ್ಷ ಪಿಯುಸಿ, ನೀಟ್. ಆಮೇಲೆ ಯಾವ ಊರಿನ ಹಾಸ್ಟೆಲ್ಲೋ ಯಾರಿಗೆ ಗೊತ್ತು? ಅತ್ತೆಗೆ 73 ವರ್ಷ. ಮಗನಿಗೆ ಒಂಬತ್ತು. ಐವರೂ ಒಟ್ಟಿಗೆ ಎಲ್ಲಾದರೂ ಹೋಗುವುದಿದ್ದರೆ ಅದು ಈ ಏಪ್ರಿಲ್. ಕೋಣೆಯನ್ನು ಇನ್ನು ಮೂರು ವರ್ಷ ಬಿಟ್ಟು ಕಟ್ಟಿಸಬಹುದು.

ಶ್ರೀಲಂಕಾ ಎಂದು ಹೆಸರು ಎತ್ತಿದವಳು ಮಗಳು. ಬೆಂಗಳೂರಿನಿಂದ ನೇರ ವಿಮಾನ, ಗಡಿಯಾರ ತಿರುಗಿಸುವ ಗೋಜಿಲ್ಲ, ನಮ್ಮ ಒಂದು ರೂಪಾಯಿಗೆ ಅಲ್ಲಿ ಸುಮಾರು ಮೂರೂವರೆ ರೂಪಾಯಿ. ದೇಶ ನಮ್ಮ ಕರ್ನಾಟಕದ ಮೂರನೇ ಒಂದು ಭಾಗದಷ್ಟು. ಉತ್ತರದ ತುದಿಯಿಂದ ದಕ್ಷಿಣದ ತುದಿಗೆ ಹೋದರೆ ಹೆಚ್ಚುಕಡಿಮೆ ಧಾರವಾಡದಿಂದ ಬೆಂಗಳೂರಿಗೆ ಹೋದಷ್ಟು ದೂರ. ಇಷ್ಟನ್ನು ಅವಳು ಊಟದ ಹೊತ್ತಿನಲ್ಲಿ ಹೇಳಿದಾಗ ಅತ್ತೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದರು: “ಸಿಲೋನ್ ಏನಬೇ ಅದು? ರೇಡಿಯೋ ಸಿಲೋನ್?”

ಮಕ್ಕಳಿಗೆ ಅರ್ಥವಾಗಲಿಲ್ಲ. ಅವರಿಗಾಗಿ ಅಜ್ಜಿಯೇ ಹೇಳಬೇಕಾಯಿತು. 1952ರ ಸುಮಾರಿಗೆ ಆಕಾಶವಾಣಿಯಲ್ಲಿ ಸಿನಿಮಾ ಹಾಡುಗಳಿಗೆ ಜಾಗವಿರಲಿಲ್ಲ. ಹಾಡು ಬೇಕೆಂದವರು ಸಮುದ್ರದಾಚೆಯ ಕೊಲಂಬೊ ಕೇಂದ್ರಕ್ಕೆ ಮುಳ್ಳು ತಿರುಗಿಸುತ್ತಿದ್ದರು. ಬುಧವಾರ ರಾತ್ರಿ ಎಂಟಕ್ಕೆ ‘ಬಿನಾಕಾ ಗೀತ್‌ಮಾಲಾ’, ಅಮೀನ್ ಸಯಾನಿಯವರ ದನಿ. ಅಣ್ಣಿಗೇರಿಯ ತವರುಮನೆಯ ಓಣಿಯಲ್ಲಿ ರೇಡಿಯೋ ಇದ್ದದ್ದು ಒಂದೇ ಮನೆಯಲ್ಲಿ. ಆ ಮನೆಯ ಕಟ್ಟೆಯ ಮೇಲೆ ಜಾಗ ಹಿಡಿಯಲು ಬುಧವಾರ ಬೇಗ ಕಸ ಮುಸುರೆ ಮುಗಿಸುತ್ತಿದ್ದರಂತೆ. 1972ರಲ್ಲಿ ದೇಶದ ಹೆಸರು ಶ್ರೀಲಂಕಾ ಆಯಿತು. ಅತ್ತೆಯ ಬಾಯಲ್ಲಿ ಮಾತ್ರ ಇಂದಿಗೂ ಸಿಲೋನೇ.

ಮೊದಲ ಪಟ್ಟಿಯಲ್ಲಿ ಎಂಟು ಊರುಗಳಿದ್ದವು: ಕೊಲಂಬೊ, ಸಿಗಿರಿಯಾ, ಕ್ಯಾಂಡಿ, ನುವಾರಾ ಎಲಿಯಾ, ಎಲ್ಲಾ, ಯಾಲಾ, ಮಿರಿಸ್ಸಾ, ಗಾಲ್. ಪ್ಯಾಕೇಜ್ ಮಾರುವ ಒಬ್ಬರ ಹತ್ತಿರ ಕೇಳಿದಾಗ ಅವರೂ ಐದು ರಾತ್ರಿಗೆ ಐದು ಊರು ತೋರಿಸಿದರು. ಆ ಕಾಗದ ಹಿಡಿದುಕೊಂಡು ನಾನು ಲೆಕ್ಕ ಹಾಕಿದೆ. ಒಂದು ಊರು ಬಿಟ್ಟು ಇನ್ನೊಂದಕ್ಕೆ ಹೋಗುವುದೆಂದರೆ ಬ್ಯಾಗು ಕಟ್ಟುವುದು, ಗಾಡಿ ಹುಡುಕುವುದು, ಹೊಸ ಕೋಣೆಯ ಬಾಗಿಲು ತೆರೆಯುವವರೆಗೆ ಕಾಯುವುದು. ಅಲ್ಲಿಗೆ ಅರ್ಧ ದಿನ ಹೋಯಿತು. ಐದು ಊರಿಗೆ ಎರಡೂವರೆ ದಿನ ಬ್ಯಾಗು ಕಟ್ಟುವುದರಲ್ಲೇ. ಗಾಡಿಯ ಖರ್ಚು ಊರು ಹೆಚ್ಚಿದಂತೆ ಹೆಚ್ಚುತ್ತದೆ. ಒಂದೇ ಕಡೆ ಮೂರು ರಾತ್ರಿ ಇರುತ್ತೇವೆ ಎಂದರೆ ಕೋಣೆಯವರು ಸ್ವಲ್ಪ ಬಿಟ್ಟುಕೊಡುತ್ತಾರೆ. ಹಾಗಾಗಿ ನಿಯಮ ಮಾಡಿದೆವು: ಏಳು ರಾತ್ರಿ, ಮೂರೇ ಹಾಸಿಗೆ. ಪ್ರತಿಯೊಬ್ಬರೂ ತಮಗೆ ಬೇಕೇಬೇಕಾದ ಒಂದು ಜಾಗ ಹೇಳಬೇಕು, ಎರಡನೆಯದು ಹೇಳುವಂತಿಲ್ಲ.

ಮಗ ರೈಲು ಎಂದ. ಕ್ಯಾಂಡಿಯಿಂದ ಎಲ್ಲಾ ಎಂಬ ಊರಿಗೆ ಬೆಟ್ಟದ ಮೇಲೆ ಆರೇಳು ತಾಸಿನ ಹಾದಿ. ನಡುವೆ ಪಟ್ಟಿಪೊಲ ಎಂಬ ನಿಲ್ದಾಣ 1,891 ಮೀಟರ್ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಸ್ವಲ್ಪವೇ ಕಡಿಮೆ. ಎಲ್ಲಾದ ಹತ್ತಿರ ಒಂಬತ್ತು ಕಮಾನಿನ ಕಲ್ಲಿನ ಸೇತುವೆ. ನಮ್ಮವರು ಗಾಲ್ ಎಂದರು. ಪೋರ್ಚುಗೀಸರು ಶುರುಮಾಡಿ ಡಚ್ಚರು ಬೆಳೆಸಿದ ಕೋಟೆ. ಅದರ ಗೋಡೆಯ ಮೇಲೆ ನಿಂತರೆ ಕೆಳಗೆ ಕ್ರಿಕೆಟ್ ಮೈದಾನ, ಆಚೆ ಸಮುದ್ರ. ನಾನು ಕ್ಯಾಂಡಿ ಎಂದೆ. ಬುದ್ಧನ ದಂತ ಇಟ್ಟಿರುವ ದೇವಾಲಯ ನೋಡಬೇಕಿತ್ತು. ಅದರ ಪಕ್ಕದ ಕೆರೆಯನ್ನು ಕಟ್ಟಿಸಿದ ಕೊನೆಯ ಅರಸ ಶ್ರೀವಿಕ್ರಮ ರಾಜಸಿಂಹನನ್ನು ಬ್ರಿಟಿಷರು 1815ರಲ್ಲಿ ಇಳಿಸಿ ನಮ್ಮ ವೆಲ್ಲೂರಿಗೆ ಸಾಗಹಾಕಿದರು ಎಂದು ಓದಿದ್ದೆ. ಅತ್ತೆ ರೇಡಿಯೋ ಕೇಂದ್ರ ಎಂದರು. “ಒಳಗ ಬಿಡದಿದ್ರೂ ಅಡ್ಡಿಯಿಲ್ಲ, ಹೊರಗ ನಿಂತು ನೋಡ್ತೀನಿ.”

ಮಗಳು ಸಿಗಿರಿಯಾ ಎಂದಳು. ಐದನೇ ಶತಮಾನದಲ್ಲಿ ಕಾಶ್ಯಪನೆಂಬ ರಾಜ ಬಂಡೆಯ ನೆತ್ತಿಯ ಮೇಲೆ ಅರಮನೆ ಕಟ್ಟಿಸಿಕೊಂಡಿದ್ದ ಜಾಗ. ಅಲ್ಲೇ ತೊಡಕಾಯಿತು. ಬಂಡೆ ಏರಲು ಸುಮಾರು 1,200 ಮೆಟ್ಟಿಲು. ಅತ್ತೆಯ ಮೊಣಕಾಲಿಗೆ ನಮ್ಮ ಮನೆಯ ಹದಿನಾಲ್ಕು ಮೆಟ್ಟಿಲೇ ಹೆಚ್ಚು. ಸಿಗಿರಿಯಾದಲ್ಲೊಂದು ರಾತ್ರಿ ಉಳಿದರೆ ನಾಲ್ಕನೇ ಹಾಸಿಗೆ ಬೇಕು, ಪ್ರವೇಶದ ಟಿಕೆಟ್ಟೂ ದುಬಾರಿ. ಮಗಳು ಒಂದು ದಿನ ಸುಮ್ಮನಿದ್ದು, ಮಾರನೆಯ ದಿನ ಪಟ್ಟಿಯಲ್ಲಿ ಸಿಗಿರಿಯಾದ ಮೇಲೆ ಗೆರೆ ಎಳೆದಳು. ಏನೂ ಹೇಳಲಿಲ್ಲ. ಪಟ್ಟಿ ಅಡುಗೆಮನೆಯ ಬಾಗಿಲಿಗೇ ಅಂಟಿಸಿದ್ದರಿಂದ ಅತ್ತೆ ನೋಡಿಬಿಟ್ಟರು.

“ನಾ ಬರಾಂಗಿಲ್ಲ,” ಎಂದರು ರಾತ್ರಿ. “ನನ್ನ ವಿಮಾನದ ರೊಕ್ಕದಾಗ ಆ ಹುಡುಗಿ ಗುಡ್ಡಾ ಹತ್ತಿ ಬರಲಿ. ನನ್ನ ಮೊಣಕಾಲು ಕಟಗೊಂಡು ನೀವು ಎಷ್ಟಂತ ತಿರಗತೀರಿ?”

“ಅಜ್ಜಿ ಬರದಿದ್ರ ನಾನೂ ಬರಾಂಗಿಲ್ಲ,” ಎಂದಳು ಮಗಳು.

ಮೂರು ದಿನ ಮನೆಯಲ್ಲಿ ಪ್ರವಾಸದ ಮಾತೇ ಇರಲಿಲ್ಲ. ಕೊನೆಗೆ ದಾರಿ ಸಿಕ್ಕಿದ್ದು ನಕ್ಷೆಯಲ್ಲಿ. ಕ್ಯಾಂಡಿಯಿಂದ ಸಿಗಿರಿಯಾಕ್ಕೆ ಸುಮಾರು 90 ಕಿಲೋಮೀಟರ್. ಬೆಳಿಗ್ಗೆ ಬೇಗ ಹೊರಟರೆ ಬಿಸಿಲು ಏರುವ ಮುಂಚೆ ಹತ್ತಿ, ಸಂಜೆಗೆ ಕ್ಯಾಂಡಿಗೆ ಮರಳಬಹುದು. ಹೊಸ ಹಾಸಿಗೆ ಬೇಡ, ಒಂದು ದಿನದ ಗಾಡಿ ಮಾತ್ರ. ಅಪ್ಪ, ಮಕ್ಕಳು ಹತ್ತಲಿ; ನಾನು ಅತ್ತೆಯ ಜೊತೆ ಕ್ಯಾಂಡಿಯ ಕೆರೆಯ ದಂಡೆಯಲ್ಲಿರುತ್ತೇನೆ ಎಂದೆ. ಅತ್ತೆ ಒಪ್ಪಿದರು, ಆದರೆ ಒಂದು ಷರತ್ತು ಹಾಕಿ: “ನೀನೂ ಹತ್ತಬೇಕು. ಹನ್ನೊಂದು ವರ್ಷ ಒಲಿ ಮುಂದ ನಿಂತೀದಿ. ನಾ ಒಬ್ಬಾಕಿನ ಕೆಳಗ ಗಿಡದ ನೆಳ್ಳಾಗ ಕುಂದರ್ತೀನಿ, ನನಗೇನು ಹುಲಿ ತಿಂತೈತೇನು?” ಕ್ಯಾಂಡಿ ಮೂರು ರಾತ್ರಿ, ಎಲ್ಲಾ ಎರಡು, ಗಾಲ್ ಎರಡು. ಕೊನೆಯ ದಿನ ಗಾಲ್‌ನಿಂದ ಸಮುದ್ರದ ಬದಿಯ ರೈಲಿನಲ್ಲಿ ಕೊಲಂಬೊ, ಅಲ್ಲಿ ಸ್ವಾತಂತ್ರ್ಯ ಚೌಕದ ರೇಡಿಯೋ ಕಟ್ಟಡ, ಅಲ್ಲಿಂದ ವಿಮಾನ. ಐವರ ಐದು ಆಸೆಯೂ ಮೂರು ಹಾಸಿಗೆಯಲ್ಲಿ ಕೂತವು.

ಯಾವಾಗ ಹೋಗುವುದು ಎಂಬುದಕ್ಕೆ ಧಾರವಾಡದವರಿಗೆ ಬೇರೆ ಪಾಠ ಬೇಕಿಲ್ಲ. ನಮಗೆ ಮುಂಗಾರು, ಹಿಂಗಾರು ಎರಡೂ ಗೊತ್ತು. ಅದೇ ಎರಡು ಮಳೆ ಆ ದ್ವೀಪಕ್ಕೂ ಬರುತ್ತವೆ. ನೈಋತ್ಯದ ಮಳೆ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಕೊಲಂಬೊ, ಗಾಲ್ ಮತ್ತು ಬೆಟ್ಟಗಳ ಪಶ್ಚಿಮದ ಮೈಗೆ ಸುರಿಯುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಈಶಾನ್ಯದ ಮಳೆ ಪೂರ್ವ ಕರಾವಳಿಗೆ. ಡಿಸೆಂಬರ್‌ನಿಂದ ಮಾರ್ಚ್ ನಮ್ಮ ದಾರಿಗೆ ಉತ್ತಮ ಕಾಲ. ಆದರೆ ಶಾಲೆಗೆ ರಜೆ ಇರುವುದು ಏಪ್ರಿಲ್, ಮೇ. ಏಪ್ರಿಲ್ 13, 14ರ ಹೊತ್ತಿಗೆ ಅಲ್ಲಿ ಸಿಂಹಳ ಮತ್ತು ತಮಿಳು ಹೊಸ ವರ್ಷ. ಅಂಗಡಿ ಮುಚ್ಚಿರುತ್ತವೆ, ರೈಲು ಬಸ್ಸು ತುಂಬಿರುತ್ತವೆ. ಆದ್ದರಿಂದ ಹೊಸ ವರ್ಷ ಮುಗಿದ ಮೇಲೆ, ಮುಂಗಾರಿಗೆ ಮುಂಚೆ, ಏಪ್ರಿಲ್ ಕೊನೆಯ ವಾರ. ಸೆಕೆ ಇರುತ್ತದೆ, ಮಧ್ಯಾಹ್ನದ ಮೇಲೆ ಗುಡುಗು ಮಳೆಯೂ ಬರಬಹುದು. ಹಾಗಾಗಿ ನೋಡುವುದನ್ನೆಲ್ಲ ಬೆಳಿಗ್ಗೆಗೆ ಇಟ್ಟೆವು. ಅಲ್ಲಿ ಪ್ರತಿ ಹುಣ್ಣಿಮೆಯೂ ಸರ್ಕಾರಿ ರಜೆ. ಮಗ ಗೋಡೆಯ ಕ್ಯಾಲೆಂಡರಿನಲ್ಲಿ ಹುಣ್ಣಿಮೆ ನೋಡಿ, ನಮ್ಮ ದಿನಗಳಲ್ಲಿ ಅದಿಲ್ಲ ಎಂದು ಖಾತ್ರಿ ಮಾಡಿದ.

ಪಾಸ್‌ಪೋರ್ಟ್ ನಮ್ಮ ಮನೆಯಲ್ಲಿ ಯಾರ ಬಳಿಯೂ ಇರಲಿಲ್ಲ. ಆನ್‌ಲೈನ್‌ನಲ್ಲಿ ಅರ್ಜಿ ತುಂಬಿ, ದಿನ ಗೊತ್ತುಮಾಡಿಕೊಂಡು, ಜುಬಿಲಿ ಸರ್ಕಲ್‌ನಿಂದ ಚಿಗರಿ ಬಸ್ ಹಿಡಿದು ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋದೆವು. ನಮ್ಮಿಬ್ಬರಿಗೆ ತಲಾ 1,500, ಮಕ್ಕಳಿಗೆ ತಲಾ 1,000, ಹಿರಿಯರಿಗೆ ಶೇಕಡಾ ಹತ್ತು ರಿಯಾಯಿತಿ ಇರುವುದರಿಂದ ಅತ್ತೆಗೆ 1,350. ಒಟ್ಟು 6,350. ಮಕ್ಕಳ ಅರ್ಜಿಗೆ ತಂದೆತಾಯಿ ಇಬ್ಬರೂ ಸಹಿ ಮಾಡಿದ ಒಪ್ಪಿಗೆ ಪತ್ರ ಬೇಕು, ಮರೆಯಬೇಡಿ. ಪೊಲೀಸ್ ಪರಿಶೀಲನೆಗೆ ಬಂದವರು ಅತ್ತೆಯನ್ನು, “ಎಲ್ಲಿಗೆ ಹೊಂಟೀರಿ, ಅಜ್ಜಿ?” ಎಂದು ಕೇಳಿದರು. “ಸಿಲೋನ್‌ಗೆ” ಎಂದರು ಅತ್ತೆ, ಬಸ್ಸಿನಲ್ಲಿ ಕಲಘಟಗಿಗೆ ಟಿಕೆಟ್ ಕೇಳುವವರ ಹಾಗೆ.

ಹೊರಡುವ ಮುಂಚೆ ‘ಇಟಿಎ’ ಎಂಬ ಪ್ರವಾಸಿ ಅನುಮತಿ ಆನ್‌ಲೈನ್‌ನಲ್ಲೇ ಪಡೆಯಬೇಕು. ಅದರ ಶುಲ್ಕ, ನಿಯಮ ಆಗಾಗ ಬದಲಾಗುತ್ತವೆ. ಅದೇ ಹೆಸರಿನ ಖಾಸಗಿ ತಾಣಗಳು ಹೆಚ್ಚು ದುಡ್ಡು ಕೀಳುತ್ತವೆ, ಆದ್ದರಿಂದ ಶ್ರೀಲಂಕಾ ಸರ್ಕಾರದ ತಾಣವನ್ನೇ ನೋಡಬೇಕು. ಬೆಟ್ಟದ ರೈಲಿನ ಕಾಯ್ದಿರಿಸಿದ ಸೀಟುಗಳು ಬೇಗ ತುಂಬುವುದರಿಂದ ಟಿಕೆಟ್ ಮಾರಾಟ ಶುರುವಾಗುವ ದಿನವನ್ನು ಮಗಳು ಪಟ್ಟಿಯ ತುದಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಳು. ಸಾರ್ಕ್ ದೇಶದವರಿಗೆ ಸಿಗಿರಿಯಾದಂಥ ಕಡೆ ಟಿಕೆಟ್ಟಿನಲ್ಲಿ ರಿಯಾಯಿತಿ ಇದೆ. ಅದಕ್ಕೆ ಪಾಸ್‌ಪೋರ್ಟ್ ಕೈಯಲ್ಲೇ ಇರಬೇಕು.

ಇನ್ನು ಲೆಕ್ಕ. ಪಾಸ್‌ಪೋರ್ಟ್ 6,350, ತಲೆಗೆ 16,500ರಂತೆ ಐವರ ವಿಮಾನ 82,500, ಬೆಂಗಳೂರಿಗೆ ರೈಲು, ಅಲ್ಲಿಂದ ವಿಮಾನ ನಿಲ್ದಾಣ, ಎರಡೂ ಕಡೆಗೆ 9,000, ಏಳು ರಾತ್ರಿ ಎರಡೆರಡು ಕೋಣೆಗೆ 26,600, ಅಲ್ಲಿನ ಗಾಡಿ, ರೈಲಿಗೆ 20,000, ಊಟಕ್ಕೆ 18,000, ಟಿಕೆಟ್‌ಗಳಿಗೆ 12,000, ಇಟಿಎ, ವಿಮೆ, ಫೋನಿಗೆ 10,000. ಕೂಡಿದರೆ 1,84,450. ಉಳಿದ 15,550ಕ್ಕೆ ಯಾರೂ ಕೈ ಹಚ್ಚುವಂತಿಲ್ಲ. ಅದು ಜ್ವರ, ಹೊಟ್ಟೆನೋವು, ತಪ್ಪಿದ ರೈಲಿಗೆ ಮೀಸಲು.

ಊಟದ ಲೆಕ್ಕ ಕಡಿಮೆ ಕಾಣಬಹುದು. ಅಲ್ಲಿನವರು ಅನ್ನದ ಜೊತೆ ಬೇಳೆ, ಮೂರ್ನಾಲ್ಕು ಪಲ್ಯ ಬಡಿಸುತ್ತಾರೆ. ಬೆಳಿಗ್ಗೆ ಅಕ್ಕಿ ಶಾವಿಗೆ, ಅಪ್ಪ ಸಿಗುತ್ತವೆ. ನಾವು ಸಸ್ಯಾಹಾರಿಗಳು, ಆದ್ದರಿಂದ ತೆಂಗಿನಕಾಯಿ ಚಟ್ನಿಯಂತೆ ಕಾಣುವ ಪೋಲ್ ಸಂಬೋಲದಲ್ಲಿ ಒಣಮೀನು ಹಾಕಿರುತ್ತಾರೆಯೇ ಎಂದು ಕೇಳಿಕೊಳ್ಳಬೇಕು. ಅದರ ಮೇಲೆ ನಮ್ಮ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದೇ ಇರುತ್ತದೆ. ದರದ ಪಟ್ಟಿ ಓದಲು ಮಗ ಸೂತ್ರ ಕಂಡುಕೊಂಡಿದ್ದಾನೆ: ಏಳರಿಂದ ಭಾಗಿಸು, ಎರಡರಿಂದ ಗುಣಿಸು. ಅಲ್ಲಿನ 700 ನಮ್ಮ 200.

ಉಳಿದದ್ದು ಖಾನಾವಳಿ. ಹತ್ತು ದಿನ ಬಾಗಿಲು ಹಾಕುತ್ತೇವೆ ಎಂದಾಗ ಹುಡುಗರು, “ಅಕ್ಕಾರ, ನಮ್ಮ ಊಟದ ಗತಿ ಏನ್ರೀ?” ಎಂದರು. ಪರೀಕ್ಷೆ ಹತ್ತಿರವಿರುವವರಿಗೆ ಊಟ ತಪ್ಪಿದರೆ ಓದೂ ತಪ್ಪುತ್ತದೆ. ಅದನ್ನು ಬಿಟ್ಟು ಹೋಗುವ ಮನಸ್ಸು ನನಗಿರಲಿಲ್ಲ. ಹಿಂದಿನ ಓಣಿಯ ಖಾನಾವಳಿಯವರ ಹತ್ತಿರ ಮಾತಾಡಿದೆ. ಹತ್ತು ದಿನ ನಮ್ಮ ನಲವತ್ತು ಮಂದಿಗೆ ಅವರು ಬಡಿಸುತ್ತಾರೆ. ಅವರ ಮಗಳ ಮದುವೆಯ ವಾರ ಅವರ ಮಂದಿಗೆಲ್ಲ ನಾನು. ದುಡ್ಡಿನ ಮಾತಿಲ್ಲ, ಆಳಿಗೆ ಆಳು, ಊಟಕ್ಕೆ ಊಟ.

ಈಗ ಹುಡುಗರು ಕೈ ತೊಳೆಯಲು ಬಂದವರು ಬಾಗಿಲ ಮೇಲಿನ ಪಟ್ಟಿಯ ಮುಂದೆ ನಿಂತು ಓದುತ್ತಾರೆ. ಮಗನನ್ನು ಹಿಡಿದು ಪರೀಕ್ಷೆ ಮಾಡುತ್ತಾರೆ. “ಶ್ರೀಲಂಕಾದ ರಾಜಧಾನಿ?” ಅವನು “ಕೊಲಂಬೊ” ಎಂದರೆ ಬಿಡುವುದಿಲ್ಲ, “ಶ್ರೀ ಜಯವರ್ಧನಪುರ ಕೋಟ್ಟೆ ಅನ್ನಬೇಕಪಾ, ಪೇಪರಿನ್ಯಾಗ ಬರ್ತೈತಿ” ಎಂದು ತಿದ್ದುತ್ತಾರೆ. ಅತ್ತೆ ದಿನಾ ಬೆಳಿಗ್ಗೆ ಸಪ್ತಾಪುರ ಬಾವಿಯವರೆಗೆ ನಡೆದು ಬರುತ್ತಿದ್ದಾರೆ. ಮೊದಲ ವಾರ ಹೋಗಿಬರಲು ನಲವತ್ತು ನಿಮಿಷ ಬೇಕಿತ್ತು. ಈಗ ಇಪ್ಪತ್ತೆಂಟು ಸಾಕು. ಮೊಮ್ಮಗಳು ಗಡಿಯಾರ ಹಿಡಿದು ಪಟ್ಟಿಯ ಕೆಳಗೆ ಬರೆದಿಡುತ್ತಾಳೆ.