ಕಾಯೋತ್ಸರ್ಗದಲ್ಲಿಯೂ ನಿಲ್ಲದ ಉಸಿರು

ಶ್ರಾವಕನು ಕಾಯೋತ್ಸರ್ಗಕ್ಕೆ ನಿಲ್ಲುವಾಗ ದೇಹದ ಚಲನೆಯನ್ನು ತ್ಯಜಿಸುವ ಸಂಕಲ್ಪ ಮಾಡುತ್ತಾನೆ. ಆದರೆ ಅದಕ್ಕೆ ಮುನ್ನ ಪಠಿಸುವ ಅನ್ನತ್ಥ ಸೂತ್ರವು ಕೆಲವು ವಿನಾಯಿತಿಗಳನ್ನು ಹೇಳುತ್ತದೆ. ಅವುಗಳಲ್ಲಿ ಮೊದಲನೆಯವು ಉಸಿರನ್ನು ಎಳೆಯುವುದು ಮತ್ತು ಬಿಡುವುದು. ಕೆಮ್ಮು, ಸೀನು, ಆಕಳಿಕೆಗಳು ಅನಂತರದವು. ಕೈಕಾಲುಗಳನ್ನು ಸಂಕಲ್ಪವು ತಡೆಯಬಲ್ಲದು, ಉಸಿರನ್ನು ಬಹುಕಾಲ ತಡೆಯಲಾರದು. ದಶಪ್ರಾಣಗಳಲ್ಲಿ ಶ್ವಾಸೋಚ್ಛ್ವಾಸವನ್ನು ಬೇರೆಯಾಗಿಯೇ ಎಣಿಸಿದ್ದಾರೆ.

ಇದರ ದೈಹಿಕ ಕಾರಣವನ್ನು ಇಂದಿನ ವಿಜ್ಞಾನವು ವಿವರಿಸುತ್ತದೆ. ಮೆದುಳಿನ ಬುಡದಲ್ಲಿ, ಬೆನ್ನುಹುರಿ ಸೇರುವೆಡೆಯಲ್ಲಿ, ಮೆದುಳಿನ ಕಾಂಡವಿದೆ. ಉಸಿರಿನ ಲಯವು ಹುಟ್ಟುವುದು ಅಲ್ಲಿ. ಆ ಲಯದ ಮೂಲವಾದ ಚಿಕ್ಕ ನರಗುಂಪನ್ನು 1991ರಲ್ಲಿ ಜೆಫ್ರಿ ಸ್ಮಿತ್, ಜ್ಯಾಕ್ ಫೆಲ್ಡ್‌ಮನ್ ಮತ್ತು ಸಂಗಡಿಗರು ಗುರುತಿಸಿದರು. ವಿಶ್ರಾಂತಿಯಲ್ಲಿರುವ ವಯಸ್ಕನು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾನೆ. ಎಚ್ಚರವಿದ್ದಾಗ ಮೇಲಿನ ಮೆದುಳು ಮಾತಿಗೆ, ಸ್ತವನಕ್ಕೆ ಉಸಿರನ್ನು ಹೊಂದಿಸಿಕೊಳ್ಳುತ್ತದೆ. ಎಚ್ಚರವೇ ಉಸಿರಿಗೆ ಒಂದು ಪ್ರೇರಣೆ. ನಿದ್ರೆ ಬಂದೊಡನೆ ಆ ಪ್ರೇರಣೆ ಹಿಂದೆ ಸರಿಯುತ್ತದೆ. ಆಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದುದನ್ನು ಅರಿತು ಉಸಿರನ್ನು ನಡೆಸುವ ಹೊಣೆ ಬಹುಮಟ್ಟಿಗೆ ಕಾಂಡದ್ದೇ. ಜನ್ಮತಃ ಈ ಕಾವಲು ಕೆಟ್ಟ ಅಪರೂಪದ ಶಿಶುಗಳು ಎಚ್ಚರದಲ್ಲಿ ಉಸಿರಾಡಿದರೂ ನಿದ್ರೆಯಲ್ಲಿ ಯಂತ್ರದ ನೆರವನ್ನು ಬಯಸುತ್ತವೆ. ಅದಕ್ಕೆ ಕಾರಣವಾದ ವಂಶವಾಹಿಯು 2003ರಲ್ಲಿ ತಿಳಿಯಿತು.

ಈ ಕಾವಲನ್ನು ಕೆಡಿಸಬಲ್ಲ ಪದಾರ್ಥವು ನಮ್ಮ ಪೇಟೆಗಳಲ್ಲಿಯೇ ಮಾರಾಟವಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಸಿಂಧನೂರಿನಲ್ಲಿ ಭತ್ತಕ್ಕೆ, ಲಿಂಗಸುಗೂರು, ಮಸ್ಕಿಗಳಲ್ಲಿ ಹತ್ತಿ, ತೊಗರಿಗಳಿಗೆ ರೈತರು ‘ಎಣ್ಣೆ’ ಹೊಡೆಯುತ್ತಾರೆ. ಅಂಗಡಿಯಲ್ಲಿ ಅದರ ಹೆಸರು ‘ಔಷಧ’. ಕೀಟನಾಶಕಗಳಲ್ಲಿ ಆರ್ಗನೋಫಾಸ್ಫೇಟ್ ಎಂಬ ವರ್ಗವು ಚರ್ಮದಿಂದಲೂ ಉಸಿರಿನಿಂದಲೂ ದೇಹವನ್ನು ಸೇರಿ ನರಗಳ ಸಂದೇಶವು ಮುಗಿಯದಂತೆ ಮಾಡುತ್ತದೆ. ಬೆವರು, ಜೊಲ್ಲು, ವಾಂತಿ, ಕಣ್ಣಿನ ಪಾಪೆ ಕಿರಿದಾಗುವುದು ಇದರ ಲಕ್ಷಣಗಳು. ವಿಷ ಹೆಚ್ಚಿದಲ್ಲಿ ಶ್ವಾಸಕೋಶದಲ್ಲಿ ದ್ರವ ತುಂಬುತ್ತದೆ, ಸ್ನಾಯು ಸೋಲುತ್ತದೆ, ಮೆದುಳಿನ ಕಾಂಡದ ಲಯವೇ ಕುಂದುತ್ತದೆ. ಹೊಲದಿಂದ ಬಂದ ಆಳು ತಲೆಸುತ್ತೆಂದರೆ ಬಿಸಿಲು ತಾಗಿತೆಂದು ಭಾವಿಸಿ ಮಲಗಿಸುವುದು ಬಹಳ ಅಪಾಯಕರ. ನಿದ್ರೆಯಲ್ಲಿ ಎಚ್ಚರದ ನೆರವೂ ಉಸಿರಿಗೆ ಇಲ್ಲವಾಗುತ್ತದೆ. ಬಟ್ಟೆ ಕಳಚಿಸಿ, ಮೈಯನ್ನು ಸಾಬೂನಿನಿಂದ ತೊಳೆಯಿಸಿ, ಡಬ್ಬಿಯ ಚೀಟಿಯೊಡನೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಅಟ್ರೋಪಿನ್ ಇದೆ, ಉಸಿರಾಟದ ಯಂತ್ರವಿದೆ.

ಶ್ರಾವಕನಿಗೆ ಇದು ವೈದ್ಯಕೀಯದ ವಿಷಯವಷ್ಟೇ ಅಲ್ಲ. ಉಪಾಸಕದಶಾಂಗ ಸೂತ್ರವು ಹೇಳುವ ಹದಿನೈದು ಕರ್ಮಾದಾನಗಳಲ್ಲಿ ವಿಷವಾಣಿಜ್ಯವೂ ಒಂದು. ರೈತನಿಗೆ ಬೇಕು, ನಾವು ಬಿಟ್ಟರೆ ಮತ್ತೊಬ್ಬರು ಮಾರುತ್ತಾರೆ ಎಂಬ ಸಮಾಧಾನವು ಲೆಕ್ಕದ ಪುಸ್ತಕಕ್ಕೆ ಹೊಂದೀತು, ಸೂತ್ರಕ್ಕೆ ಹೊಂದದು. ಆ ವ್ಯಾಪಾರವನ್ನು ಬಿಡುವುದೇ ಸೂತ್ರದ ಮಾರ್ಗ. ತಂದೆಯ ಕಾಲದ ಅಂಗಡಿಯನ್ನು ಇಂದೇ ಮುಚ್ಚಲಾಗದವರು ಕನಿಷ್ಠ ಪಕ್ಷ ದವಸಧಾನ್ಯದ ಪಕ್ಕದಲ್ಲಿ ಡಬ್ಬಿಗಳನ್ನು ಇಡಬಾರದು. ಬೇರೆ ಸೀಸೆಗೆ ಸುರಿದು ಕೊಡಬಾರದು. ಮಕ್ಕಳ ಕೈಗೆ ಕೊಡಬಾರದು. ಕೆಂಪು, ಹಳದಿ ಗುರುತುಗಳ ಅರ್ಥವನ್ನು ಓದಲು ಬಾರದವರಿಗೆ ಬಾಯಿಮಾತಿನಲ್ಲಿ ತಿಳಿಸಬೇಕು. ಇವುಗಳಿಂದ ದೋಷವು ಕಡಿಮೆಯಾದೀತೇ ವಿನಾ ಅದು ವ್ರತಪಾಲನೆಯಾಗದು ಎಂಬುದನ್ನೂ ಮರೆಯಬಾರದು.

1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನವು ಅಶೋಕನ ಹೆಸರನ್ನು ತಿಳಿಸಿದುದಕ್ಕಾಗಿ ಪ್ರಸಿದ್ಧ. ಧರ್ಮದ ಫಲವು ದೊಡ್ಡವರಿಗಷ್ಟೇ ಅಲ್ಲ, ಚಿಕ್ಕವರಿಗೂ ಸಾಧ್ಯವೆಂಬುದು ಅದರ ಸಾರ. ಅಂಗಡಿಯ ಒಡೆಯನಿಗೂ, ಡಬ್ಬಿಯನ್ನು ಎತ್ತಿಕೊಡುವ ಹುಡುಗನಿಗೂ ಅದು ಸಮಾನವಾಗಿ ಅನ್ವಯಿಸುತ್ತದೆ. ಹೊಲದಲ್ಲಿ ದುಡಿದು ಮಲಗಿದವನು ತನ್ನ ಉಸಿರನ್ನು ತಾನು ಕಾಯಲಾರ. ಅವನು ಎಚ್ಚರವಿದ್ದಾಗ ಆಡಬೇಕಾದ ಒಂದು ಮಾತು ಮಾತ್ರ ಮಾರುವವನ ಕೈಯಲ್ಲಿದೆ.